ಗಿಟಾರಿಗೆ ಜವಾರಿ

ಪೆಟ್ಟಿಗೆ ಬಿಚ್ಚಿ, ಆಂಪ್ಲಿಫೈಯರಿಗೆ ವಯರು ಚುಚ್ಚಿ, ಸ್ವಿಚ್ಚು ಒತ್ತಿದಾಗ ಮೊದಲು ಕೇಳಿಸಿದ್ದು ನಮ್ಮ ಮನೆಯ ಕರೆಂಟು. ನಾನಿನ್ನೂ ತಂತಿ ಮುಟ್ಟಿರಲಿಲ್ಲ. ಜೇನುಹುಟ್ಟಿನ ಹತ್ತಿರ ಕಿವಿ ಇಟ್ಟ ಹಾಗೆ ಒಂದೇ ಸಮನೆ ಗುಂಯ್ ಎನ್ನುವ ದನಿ. ಗಿಟಾರ್ ಹಿಡಿದುಕೊಂಡು ಟ್ಯೂಬ್‌ಲೈಟಿನ ಕಡೆ ತಿರುಗಿದರೆ ಏರುತ್ತಿತ್ತು, ಬಾಗಿಲ ಕಡೆ ತಿರುಗಿದರೆ ಇಳಿಯುತ್ತಿತ್ತು. ಭಜನಿ ಮೇಳದಲ್ಲಿ ಇಪ್ಪತ್ತು ವರ್ಷ ಪೇಟಿ ನುಡಿಸಿದ ಕಿವಿ ಯಾವ ದನಿ ಕೇಳಿದರೂ ಅದರ ಮನೆ ಹುಡುಕುತ್ತದೆ. ಹಾರ್ಮೋನಿಯಂ ತೆಗೆದು ಒತ್ತಿ ನೋಡಿದೆ. ಬಿಳಿ ಐದಕ್ಕೂ ಕರಿ ನಾಲ್ಕಕ್ಕೂ ನಡುವೆ, ಯಾವ ಮನೆಗೂ ಸೇರದ ಜಾಗದಲ್ಲಿ ಅದು ನಿಂತಿತ್ತು.

ಆಮೇಲೆ ಲೆಕ್ಕ ಹಾಕಿದೆ, ಕಿವಿ ತಪ್ಪಿರಲಿಲ್ಲ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಕೆಳಗಿನ ಸಪ್ತಕದ ಬಿಳಿ ಐದು 49, ಅದರ ಮುಂದಿನ ಕರಿ ನಾಲ್ಕು ಸುಮಾರು 52. ಅಮೆರಿಕದ ಕರೆಂಟು 60 ಆವರ್ತದ್ದಾದ್ದರಿಂದ ಅಲ್ಲಿಯ ಮನೆಗಳು ಬೇರೊಂದು ಸ್ವರದಲ್ಲಿ ಗುಂಯ್‌ಗುಡುತ್ತವೆ. ಎಲೆಕ್ಟ್ರಿಕ್ ಗಿಟಾರ್ ಮಾರಾಟಕ್ಕೆ ಬಂದದ್ದು ಆ ನಾಡಿನಲ್ಲಿ, 1930ರ ದಶಕದ ಆರಂಭದ ಲಾಸ್ ಏಂಜಲೀಸಿನಲ್ಲಿ. ನನ್ನದು ಬಂದು ಇಳಿದದ್ದು ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯಲ್ಲಿ, ಕಬ್ಬಿನ ಹೊಲಗಳ ನಡುವಿನ ಹಳೆಯ ಮನೆಗೆ, ಮಾರ್ಚ್ ತಿಂಗಳ ಬಿಸಿಲಿಗೆ.

ಹೊಸ ವಾದ್ಯ ಅಂದರೆ ಅಂಗಡಿಯಿಂದಲೇ ತಯಾರಾಗಿ ಬಂದಿರುತ್ತದೆ, ಕಲಿಯುವುದಷ್ಟೇ ನಮ್ಮ ಕೆಲಸ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಅದರ ಕಟ್ಟಿಗೆ ನಮ್ಮ ಹವೆಗೆ ಒಗ್ಗಬೇಕು, ಅದರ ವಯರು ನಮ್ಮ ಮಣ್ಣಿಗೆ ಕೂಡಬೇಕು, ಅದರ ಮೆಟ್ಟುಗಳು ನಮ್ಮ ಕಿವಿಯೊಂದಿಗೆ ರಾಜಿಯಾಗಬೇಕು. ಈ ಮೂರೂ ಆಗುವ ತನಕ ನಾಲ್ಕು ತಿಂಗಳು ಹಿಡಿಯಿತು.

ಮೊದಲು ಮಣ್ಣು. ನಮ್ಮ ಮನೆಯ ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇತ್ತು. ತಿರುಪು ಬಿಚ್ಚಿ ನೋಡಿದರೆ ಮೇಲಿನ ದೊಡ್ಡ ತೂತಿನ ಹಿಂದೆ ವಯರೇ ಇಲ್ಲ. ಇಷ್ಟು ವರ್ಷ ಫ್ರಿಜ್ಜು, ಮಿಕ್ಸರು, ಇಸ್ತ್ರಿ ಎಲ್ಲವೂ ಆ ಖಾಲಿ ತೂತನ್ನು ನಂಬಿಕೊಂಡೇ ನಡೆದಿವೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿ, ಅದು ಕೂತ ಸೇತುವೆ, ಒಳಗಿನ ವಯರು, ಆಂಪ್ಲಿಫೈಯರಿನ ಕವಚ ಎಲ್ಲಕ್ಕೂ ಒಂದರಿಂದ ಒಂದಕ್ಕೆ ನಂಟಿರುತ್ತದೆ. ಕೊನೆಗೆ ಆ ನಂಟು ಭೂಮಿಗೆ ಮುಟ್ಟಬೇಕು. ಮುಟ್ಟದಿದ್ದರೆ ಮನೆಯ ಕರೆಂಟಿನ ಗುಂಯ್ ಹೋಗಲು ದಾರಿಯಿಲ್ಲದೆ ಸ್ಪೀಕರಿನಲ್ಲೇ ಕೂಡುತ್ತದೆ. ಗುಂಯ್‌ಗುಡುವಿಕೆ ಬರೀ ಕಿವಿಗೆ ಕಿರಿಕಿರಿ, ಸಹಿಸಬಹುದು. ಅದರ ಹಿಂದಿರುವ ಅಪಾಯ ಸಹಿಸುವಂಥದ್ದಲ್ಲ. 1972ರಲ್ಲಿ ಸ್ವಾನ್ಸಿ ಎಂಬ ಊರಿನ ವೇದಿಕೆಯಲ್ಲಿ ಸ್ಕಾಟ್ಲೆಂಡಿನ ಗಿಟಾರ್ ವಾದಕ ಲೆಸ್ಲಿ ಹಾರ್ವೆ ಅರ್ಥ್ ಸರಿಯಿಲ್ಲದ ಮೈಕು ಮುಟ್ಟಿ ಶಾಕ್ ಹೊಡೆದು ತೀರಿಹೋದರು. 1976ರಲ್ಲಿ ಯಾರ್ಡ್‌ಬರ್ಡ್ಸ್ ತಂಡದ ಹಾಡುಗಾರ ಕೀತ್ ರೆಲ್ಫ್ ತಮ್ಮ ಮನೆಯಲ್ಲೇ, ಅರ್ಥ್ ಸರಿಯಿಲ್ಲದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತ ಪ್ರಾಣ ಬಿಟ್ಟರು. ಜಾತ್ರೆಯ ಪೆಂಡಾಲಿನಲ್ಲಿ ಜನರೇಟರಿನ ಮೇಲೆ ನಡೆಯುವ ನಮ್ಮ ರಸಮಂಜರಿಗಳಲ್ಲಿ ಮೈಕಿಗೆ ತುಟಿ ತಾಗಿಸಿ ಚುರ್ ಎನಿಸಿಕೊಂಡವರು ಎಷ್ಟೋ ಮಂದಿ. ಅದನ್ನು ನಕ್ಕು ಬಿಡುತ್ತೇವೆ. ಬಿಡಬಾರದು.

ಹಿತ್ತಲಲ್ಲಿ ಎಂಟು ಅಡಿ ತಗ್ಗು ತೋಡಿಸಿ, ಕಬ್ಬಿಣದ ಕೊಳವೆ ಇಳಿಸಿ, ಸುತ್ತಲೂ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬಿಸಿದೆ. ನಮ್ಮದು ಎರಿ ಭೂಮಿ. ಹಸಿ ಇದ್ದಾಗ ಇದರಷ್ಟು ಚೆನ್ನಾಗಿ ಕರೆಂಟು ಹೀರಿಕೊಳ್ಳುವ ಮಣ್ಣು ಕಡಿಮೆ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ತೂರುವಷ್ಟು ಬಿರಿದು ಕೊಳವೆಯನ್ನು ಬಿಟ್ಟುಕೊಡುತ್ತದೆ. ಅದಕ್ಕೆ ತುಳಸಿಗೆ ನೀರು ಹಾಕುವಾಗ ಅರ್ಥಿಂಗ್ ತಗ್ಗಿಗೂ ಒಂದು ಕೊಡ ಹಾಕುವ ಪದ್ಧತಿ ನಮ್ಮ ಮನೆಯಲ್ಲಿ ಶುರುವಾಯಿತು. ಮೀಟರ್ ಬೋರ್ಡಿನ ಪಕ್ಕ 30 ಮಿಲಿಆಂಪಿಯರಿಗೆ ಕಡಿದು ಬೀಳುವ ಟ್ರಿಪ್ ಸ್ವಿಚ್ಚೂ ಬಂತು. ಗುಂಯ್ ಮುಕ್ಕಾಲು ಪಾಲು ಇಳಿಯಿತು.

ಉಳಿದ ಕಾಲು ಪಾಲು ಗಿಟಾರಿನ ಹೊಟ್ಟೆಯಲ್ಲಿತ್ತು. ತಂತಿ ಮುಟ್ಟಿದರೆ ಚರಚರ, ಬಿಟ್ಟರೆ ಗುಂಯ್. ಗಿಟಾರ್ ರಿಪೇರಿಯವರನ್ನು ಹುಡುಕಿಕೊಂಡು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. ಅದಕ್ಕೆ ಮೊದಲು ನಮ್ಮ ಹೊಲದ ಪಂಪಿನ ಮೋಟರು ಸುಟ್ಟಾಗಲೆಲ್ಲ ಹೊತ್ತೊಯ್ಯುವ ಮಹಾಲಿಂಗಪುರದ ರಿವೈಂಡಿಂಗ್ ಅಂಗಡಿಗೇ ಒಯ್ದೆ. ನೀರಾವರಿ ಬಂದ ಮೇಲೆ ನಮ್ಮ ಭಾಗದ ಯಾವ ಪೇಟೆಯಲ್ಲೂ ಇಂಥ ಅಂಗಡಿಗೆ ಬರವಿಲ್ಲ. ಬಾಗಿಲಲ್ಲಿ ಸುಟ್ಟ ಮೋಟರುಗಳ ಸಾಲು, ಒಳಗೆ ವಾರ್ನಿಶಿನ ವಾಸನೆ, ಮೊಳೆಗೆ ನೇತುಬಿಟ್ಟ ತಾಮ್ರದ ಸುರುಳಿಗಳು. ಅಂಗಡಿಯವರು ಗಿಟಾರನ್ನು ಬರಿ ಮೇಜಿನ ಮೇಲೆ ಮಲಗಿಸಲಿಲ್ಲ, ಮೊದಲು ಒಂದು ಗೋಣಿಚೀಲ ಹಾಸಿ, ಅದರ ಮೇಲೆ ಅಂಗಡಿಯ ಹುಡುಗನ ಟವೆಲ್ ಹಾಸಿದರು. ಮುಂಬದಿಯ ಪ್ಲಾಸ್ಟಿಕ್ ತಗಡು ಬಿಚ್ಚಿ ಮೂರು ಪಿಕಪ್‌ಗಳನ್ನು ಕಂಡರು. ಒಂದನ್ನು ಬೆರಳಿನಿಂದ ತಟ್ಟಿದರು.

"ಇದು ಮೋಟರಿನ ಮರಿ ಐತಲ್ರಿ!"

ಅವರ ಮಾತು ಅಕ್ಷರಶಃ ನಿಜ. ಪಿಕಪ್ ಎಂದರೆ ಆರು ಅಯಸ್ಕಾಂತದ ಕಡ್ಡಿ, ಅದರ ಸುತ್ತ ಕೂದಲಿಗಿಂತ ದಪ್ಪವಲ್ಲದ, 0.06 ಮಿಲಿಮೀಟರಿನಷ್ಟು ತೆಳುವಾದ ತಾಮ್ರದ ತಂತಿ ಸುಮಾರು 8000 ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಅಯಸ್ಕಾಂತದ ಬಲ ಅಲುಗಿ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಮೋಟರಿನಲ್ಲಿ ಕರೆಂಟು ಹೋಗಿ ಚಲನೆ ಬರುತ್ತದೆ, ಇಲ್ಲಿ ಚಲನೆ ಹೋಗಿ ಕರೆಂಟು ಬರುತ್ತದೆ. ಸುರುಳಿಗೆ ತಂತಿಯ ಅದುರು ಯಾವುದು, ಟ್ಯೂಬ್‌ಲೈಟಿನ ಗುಂಯ್ ಯಾವುದು ಎಂದು ಗೊತ್ತಾಗುವುದಿಲ್ಲ, ಎರಡನ್ನೂ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎಂಬ ತಂತ್ರಜ್ಞ ಇದಕ್ಕೆ ಮದ್ದು ಕಂಡುಹಿಡಿದರು: ಒಂದರ ಪಕ್ಕ ಒಂದು, ಉಲ್ಟಾ ಸುತ್ತಿದ ಎರಡು ಸುರುಳಿ. ಅಯಸ್ಕಾಂತವನ್ನೂ ಉಲ್ಟಾ ಇಟ್ಟರೆ ಹೊರಗಿನ ಗುಂಯ್ ಒಂದರಲ್ಲಿ ಏರಿದಷ್ಟು ಇನ್ನೊಂದರಲ್ಲಿ ಇಳಿದು ಅಳಿಸಿಹೋಗುತ್ತದೆ, ತಂತಿಯ ದನಿ ಮಾತ್ರ ಕೂಡುತ್ತದೆ. ಅದಕ್ಕೇ ಅದರ ಹೆಸರು ಹಂಬಕರ್. ನಾನು ಇದನ್ನು ಓದಿ ತಿಳಿದುಕೊಂಡು ಹೋಗಿದ್ದೆ. ಅಂಗಡಿಯವರು ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ತಾವೇ ಹೇಳಿದರು.

ತೊಂದರೆ ಸುರುಳಿಯದಾಗಿರಲಿಲ್ಲ. ಸೇತುವೆಯ ಅಡಿಯಿಂದ ಬರಬೇಕಾದ ಅರ್ಥ್ ವಯರಿನ ಬೆಸುಗೆ ಬಿಟ್ಟಿತ್ತು, ದೂರದಿಂದ ಪಾರ್ಸಲ್ ಬರುವಾಗ ಎಲ್ಲೋ ಕುಲುಕಿರಬೇಕು. ಬೆಸುಗೆಯ ಕಡ್ಡಿ ಮುಟ್ಟಿಸಿ ಎತ್ತಿದರು, ಮುಗಿಯಿತು. "ಮೋಟರಿನ್ಯಾಗ ಸುತ್ತು ತಪ್ಪಿದ್ರ ಸುಡತೈತಿ. ಇದರಾಗ ಸುತ್ತು ತಪ್ಪಿದ್ರ ಏನಾಕ್ಕೈತಿ?" ಎಂದು ಕೇಳಿದರು. ಸುತ್ತು ಹೆಚ್ಚಾದರೆ ದನಿ ದಪ್ಪ, ಮಂಕು. ಕಡಿಮೆಯಾದರೆ ತೆಳು, ಚುರುಕು ಎಂದೆ. ಬಹಳ ಹೊತ್ತು ಆ ಪಿಕಪ್ಪನ್ನೇ ನೋಡುತ್ತ ಕೂತರು. ಸುಡದ ಮೋಟರೊಂದನ್ನು, ಸುತ್ತಿದ ಹಾಗೆ ರಾಗ ಬದಲಿಸುವ ಮೋಟರೊಂದನ್ನು ಅವರು ಅಂದು ಮೊದಲ ಸಲ ಕಂಡಿದ್ದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಏಪ್ರಿಲ್ ಬಂತು. ಒಂದು ದಿನ ಎಡಗೈಯನ್ನು ಗಿಟಾರಿನ ಕೊರಳ ಮೇಲೆ ಮೇಲಿಂದ ಕೆಳಗೆ ಜಾರಿಸಿದಾಗ ಹೆಬ್ಬೆರಳ ಬುಡಕ್ಕೆ ಗೀರು ಬಿತ್ತು. ಬಂದ ದಿನ ನುಣುಪಾಗಿದ್ದ ಅಂಚಿನಲ್ಲಿ ಈಗ ಮೆಟ್ಟುಗಳ ತುದಿ ಮುಳ್ಳಿನಂತೆ ಎದ್ದಿತ್ತು. ಮೆಟ್ಟು ಬೆಳೆದಿರಲಿಲ್ಲ, ಕಟ್ಟಿಗೆ ಕುಗ್ಗಿತ್ತು. ಗಿಟಾರ್ ಮಾಡುವವರು ಹವೆಯಲ್ಲಿ ಸುಮಾರು 45ರಿಂದ 55 ಶೇಕಡಾ ತೇವ ಇರಲಿ ಎನ್ನುತ್ತಾರೆ. ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದರ ಅರ್ಧ ಸಿಕ್ಕರೂ ದೊಡ್ಡದು. ಎತ್ತಿನ ಗಾಡಿಯ ಗಾಲಿ ಬೇಸಿಗೆಯಲ್ಲಿ ಒಣಗಿ ಪಟ್ಟಿ ಸಡಿಲಾಗುವುದನ್ನು, ಅದನ್ನು ಹಳ್ಳದ ನೀರಲ್ಲಿ ನಿಲ್ಲಿಸುವುದನ್ನು ಕಂಡ ಊರಿನವನಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಗಿಟಾರನ್ನು ಹಳ್ಳಕ್ಕೆ ಇಳಿಸುವ ಹಾಗಿಲ್ಲ. ತೂತು ಕೊರೆದ ಸಾಬೂನಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಆ ಡಬ್ಬಿಯನ್ನು ಗಿಟಾರಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಈಗಲೂ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಸ್ಪಂಜು ಒದ್ದೆ ಮಾಡುತ್ತೇನೆ.

ಆ ಕಟ್ಟಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆರಳು ಊರುವ ಕಪ್ಪುಗೆಂಪು ಹಲಗೆ ನನ್ನ ಗಿಟಾರಿನಲ್ಲಿ ಬೀಟೆಯದು. ಪಶ್ಚಿಮ ಘಟ್ಟದ ನಮ್ಮ ಬೀಟೆ. ಬ್ರೆಜಿಲಿನ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ತಡೆ ಬಿದ್ದ ಮೇಲೆ ಜಗತ್ತಿನ ಗಿಟಾರ್ ಕಾರ್ಖಾನೆಗಳು ಮತ್ತಷ್ಟು ನೆಚ್ಚಿಕೊಂಡದ್ದು ಭಾರತದ ಬೀಟೆಯನ್ನು. 2017ರಲ್ಲಿ ಅದಕ್ಕೂ ಪರವಾನಗಿಯ ಕಟ್ಟು ಬಂತು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮಲೆನಾಡಿನ ಮಳೆಯಲ್ಲಿ ಬೆಳೆದ ಜಾತಿಯ ಮರ ಕಡಲು ದಾಟಿ, ಕಾರ್ಖಾನೆ ಹೊಕ್ಕು, ವಿದೇಶಿ ಹೆಸರು ಹೊತ್ತು ಬಯಲುಸೀಮೆಗೆ ಬಂದು ಬಿಸಿಲಿಗೆ ಕುಗ್ಗುತ್ತಿದೆ. ಪರದೇಶದ ವಾದ್ಯ ಎನ್ನುವಾಗ ಇದೂ ನೆನಪಿರಲಿ.

ಕುಗ್ಗಿದ ಕಟ್ಟಿಗೆ ಬಾಗಿತ್ತು ಕೂಡ. ಆರು ತಂತಿಗಳು ಸೇರಿ ಆ ಸಣ್ಣ ಕೊರಳನ್ನು ಸುಮಾರು 40 ಕಿಲೋ ಬಲದಿಂದ ಎಳೆಯುತ್ತವೆ. ಅರ್ಧ ಚೀಲ ಸಕ್ಕರೆಗಿಂತ ಹೆಚ್ಚಿನ ಭಾರ. ಅದಕ್ಕೆ ಎದುರು ನಿಲ್ಲಲು ಕೊರಳೊಳಗೆ ಒಂದು ಉಕ್ಕಿನ ಸರಳಿರುತ್ತದೆ, ಟ್ರಸ್ ರಾಡ್ ಎನ್ನುತ್ತಾರೆ. ಗಿಬ್ಸನ್ ಕಂಪನಿ 1920ರ ದಶಕದಲ್ಲೇ ಅದಕ್ಕೆ ಪೇಟೆಂಟ್ ಪಡೆದಿತ್ತು. ತುದಿಯ ತಿರುಪಿಗೆ ಅಲೆನ್ ಕೀ ಹಾಕಿ ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ; ತಿರುಗಿಸಿ ಒಂದು ರಾತ್ರಿ ಬಿಟ್ಟು ಮತ್ತೆ ನೋಡಬೇಕು. ನಾನು ಮೊದಲ ಸಲ ತಿರುಗಿಸುವಾಗ ಕಟ್ಟಿಗೆ ಕಿರ್ ಎಂದಿತು. ಬೆವರು ಬಂತು. ಒಡೆಯಲಿಲ್ಲ. ಮರುದಿನ ಬೆಳಿಗ್ಗೆ ಹನ್ನೆರಡನೆಯ ಮೆಟ್ಟಿನ ಮೇಲೆ ತಂತಿ ಎರಡು ಮಿಲಿಮೀಟರಿಗೆ ಇಳಿದಿತ್ತು, ಬೆರಳಿಗೆ ಹಗುರವಾಗಿತ್ತು.

ಬೆರಳಿನ ಕತೆ ಹೆಚ್ಚು ಹೇಳುವುದಿಲ್ಲ. ಕುಡಗೋಲು ಹಿಡಿದ ಕೈಗೆ ಅಂಗೈಯಲ್ಲಿ ದಡ್ಡು ಬಿದ್ದಿರುತ್ತದೆ, ಗಿಟಾರಿಗೆ ಅದು ಬೆರಳ ತುದಿಯಲ್ಲಿ ಬೇಕು. ಮೊದಲ ಎರಡು ವಾರ ತುತ್ತು ಮುರಿಯುವಾಗ ಸಾರಿನ ಖಾರ ಉರಿಯುತ್ತಿತ್ತು, ಒಂದು ತಿಂಗಳಿಗೆ ಗಟ್ಟಿಯಾಯಿತು. ಆದರೆ ಮಣಿಕಟ್ಟು? ಪೇಟಿಯ ಮೇಲೆ ಕೈ ಚಾಚಿ ಮಲಗಿರುತ್ತದೆ, ಇಲ್ಲಿ ಕೊರಳನ್ನು ಸುತ್ತಿ ಬಗ್ಗಬೇಕು. ಒತ್ತಿ ಒತ್ತಿ ನೋವು ತಂದುಕೊಂಡಾಗ ನಮ್ಮೂರಿನ ಬಳೆಗಾರರ ಕೈ ನೆನಪಾಯಿತು. ಅವರು ಬಳೆ ತೊಡಿಸುವಾಗ ಬಳೆಯನ್ನು ತಳ್ಳುವುದಿಲ್ಲ. ತೊಡುವವರ ಹೆಬ್ಬೆರಳ ಬುಡವನ್ನು ಮೆತ್ತಗೆ ಮಡಚಿ ಕೈಯನ್ನು ಸಣ್ಣದು ಮಾಡುತ್ತಾರೆ, ಗಾಜು ತಾನೇ ಜಾರಿ ಕೂಡುತ್ತದೆ. ಹೆಬ್ಬೆರಳನ್ನು ಕೊರಳ ಹಿಂದೆ ಸಡಿಲು ಬಿಟ್ಟು, ಅಂಗೈ ಮಡಚಿ ನೋಡಿದೆ. ಒತ್ತುವ ಬಲ ಅರ್ಧಕ್ಕರ್ಧ ಸಾಕಾಯಿತು. 949ರಲ್ಲಿ ಮುದುವೊಳಲಿನ, ಅಂದರೆ ಈಗಿನ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿ ಎನಿಸಿಕೊಂಡ ರನ್ನನ ಹೆಸರನ್ನು ನಮ್ಮ ಊರು ಹೊತ್ತಿದೆ. ಅವನ ಮನೆತನದ ಕಸುಬಿನ ಕೈಚಳಕ ನನಗೆ ಗಿಟಾರ್ ಹಿಡಿಯುವುದನ್ನು ಕಲಿಸಿತು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಗಾಂಧಾರ.

ಗಿಟಾರಿನ ಮೆಟ್ಟುಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಹೊಡೆದವು. ಒಂದು ಮೆಟ್ಟಿನಿಂದ ಇನ್ನೊಂದಕ್ಕೆ 100 ಸೆಂಟ್ ಎಂದು ಲೆಕ್ಕ. ತಂಬೂರಿಯ ಖರ್ಜದ ತಂತಿ ಮೀಟಿ ಕಿವಿಗೊಟ್ಟರೆ ಷಡ್ಜದ ಹೊಟ್ಟೆಯೊಳಗಿಂದ ತಾನಾಗಿ ಒಂದು ಗಾಂಧಾರ ಕೇಳುತ್ತದಲ್ಲ, ಅದು ಗಿಟಾರಿನ ಗಾಂಧಾರಕ್ಕಿಂತ 14 ಸೆಂಟ್ ಕೆಳಗಿದೆ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಕಿವಿ ಲೆಕ್ಕಿಸುವುದಿಲ್ಲ. ಗಾಂಧಾರದ ಹದಿನಾಲ್ಕು ಲೆಕ್ಕಕ್ಕೆ ಬರುತ್ತದೆ. ಮೆಲ್ಲಗೆ ನುಡಿಸಿದರೆ ಮುಚ್ಚಿಹೋಗುವ ಈ ಮುಳ್ಳು, ಆಂಪ್ಲಿಫೈಯರಿನಲ್ಲಿ ದನಿಯನ್ನು ಒಡೆಸಿ ಗರ್ಜಿಸಲು ಬಿಟ್ಟಾಗ ಮೇಲೆದ್ದು ಚುಚ್ಚುತ್ತದೆ. ಪಶ್ಚಿಮದ ರಾಕ್ ವಾದಕರಿಗೂ ಇದು ಗೊತ್ತು. ಅದಕ್ಕೇ ಗರ್ಜಿಸುವಾಗ ಅವರು ಗಾಂಧಾರ ಬಿಟ್ಟು ಷಡ್ಜ-ಪಂಚಮ ಎರಡನ್ನೇ ಹಿಡಿದು ಬಾರಿಸುತ್ತಾರೆ. ಪವರ್ ಕಾರ್ಡ್ ಎಂದು ಅದಕ್ಕೆ ಹೆಸರು. ನಾವು ಅದನ್ನೇ ತಂಬೂರಿಯಲ್ಲಿ ಎಷ್ಟು ತಲೆಮಾರಿನಿಂದ ಮೀಟುತ್ತ ಬಂದಿದ್ದೇವೆ!

ಇದು ಹೊಸ ಜಗಳವೂ ಅಲ್ಲ. 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ರೂಪಗೊಂಡ ಹಾರ್ಮೋನಿಯಂ ಕಲ್ಕತ್ತೆಯಲ್ಲಿ ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯಾಗಿ ದೇಶವೆಲ್ಲ ಹಬ್ಬಿದಾಗ ಇದೇ ಪ್ರಶ್ನೆ ಎದ್ದಿತು. ನಮ್ಮ ಗಡಿಯಾಚೆ ಮಿರಜಿನಲ್ಲಿ ನೆಲೆಸಿದ್ದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರ ಗಾಯನದ ನೆರವು ಪಡೆದು ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ 22 ಶ್ರುತಿಗಳನ್ನು ಅಳೆದರು, 1910ರಲ್ಲಿ ಅದರ ಮೇಲೆ ಪುಸ್ತಕ ತಂದರು. ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ ಜೊತೆ ಸೇರಿ ಶ್ರುತಿ ಹಾರ್ಮೋನಿಯಂ ಕೂಡ ಆಯಿತು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು, ಮೂರು ದಶಕ ಒಳಗೆ ಬಿಡಲಿಲ್ಲ. ಅಷ್ಟು ವರ್ಷವೂ ನಮ್ಮ ಭಜನಿಯಲ್ಲಿ, ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದ ಆಟಗಳಲ್ಲಿ ಪೇಟಿ ನಿಲ್ಲಲಿಲ್ಲ. ಹಾಡುವವರ ಗಂಟಲು ಪೇಟಿಯ ತಪ್ಪನ್ನು ದಾಟಿ ಹೋಗುತ್ತಿತ್ತು. ಪೇಟಿಯ ಸ್ವರವನ್ನು ಎಳೆಯಲು ಬಾರದು. ಗಿಟಾರಿನ ತಂತಿಯನ್ನು ಎಳೆಯಬಹುದು, ಮೇಲಕ್ಕೆ ಮಾತ್ರ. ಹಾಗಾಗಿ 14 ಸೆಂಟ್ ಕೆಳಗಿನ ಗಾಂಧಾರ ಬೇಕೆಂದರೆ ಒಂದು ಮೆಟ್ಟು ಹಿಂದಕ್ಕೆ, ಕೋಮಲ ಗಾಂಧಾರದ ಮೇಲೆ ಬೆರಳಿಟ್ಟು ತಂತಿಯನ್ನು 86 ಸೆಂಟ್ ಎಳೆಯಬೇಕು. ಇದಕ್ಕೆ ಸಿತಾರಿನಲ್ಲಿ ಮೀಂಡ್ ಎನ್ನುತ್ತೇವೆ. ದಪ್ಪ ತಂತಿ ಬಿಚ್ಚಿ 9ರ ನಂಬರಿನ ತೆಳು ತಂತಿ ಕಟ್ಟಿದೆ. ದಿನಾ ಬೆಳಿಗ್ಗೆ ತಂಬೂರಿ ಹಚ್ಚಿಕೊಂಡು ಆ ಒಂದೇ ಸ್ವರಕ್ಕೆ ಅರ್ಧ ಗಂಟೆ. ಎಳೆದು ಎಳೆದು ಒಂದು ಕ್ಷಣ ತಂಬೂರಿಯೂ ತಂತಿಯೂ ಒಂದಾದಾಗ ಮಧ್ಯದ ಅಲೆ ನಿಂತುಹೋಗುತ್ತದೆ, ಕೋಣೆಯೇ ನಿಶ್ಶಬ್ದವಾದಂತೆ ಅನಿಸುತ್ತದೆ. ನನಗೆ ಅದು ಮೊದಲು ಸಿಕ್ಕಿದ್ದು ಮೇ ತಿಂಗಳ ಮೂರನೆಯ ವಾರ.

ಶ್ರುತಿಯನ್ನೂ ಬದಲಿಸಿದೆ. ಪಶ್ಚಿಮದವರ ರೂಢಿಯ ಶ್ರುತಿ ಬಿಟ್ಟು, ದಪ್ಪ ತಂತಿಯಿಂದ ತೆಳುವಿನವರೆಗೆ ಸಾ-ಪ-ಸಾ-ಮ-ಪ-ಸಾ ಎಂದು ಕಟ್ಟಿದೆ. ಇದೇನೂ ನನ್ನ ಶೋಧವಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಡೇವಿ ಗ್ರಹಾಮ್ ಮೊರಾಕ್ಕೊ ಸುತ್ತಿಬಂದ ಮೇಲೆ ಬಳಕೆಗೆ ತಂದ ಶ್ರುತಿ ಇದು. ನಮ್ಮ ಪೇಟಿಯ ಲೆಕ್ಕದಲ್ಲಿ ಬಿಳಿ ಎರಡು. ಎಲ್ಲ ತಂತಿ ಅರ್ಧ ಸ್ವರ ಇಳಿಸಿದರೆ ಭಜನಿಯವರ ಕರಿ ಒಂದಕ್ಕೆ ಬರುತ್ತದೆ. ತಂತಿ ಸಡಿಲಾದರೆ ಕೊರಳು ಮತ್ತೆ ಅಲುಗುತ್ತದೆ, ಮತ್ತೆ ಕಾಲು ಸುತ್ತು ಅಲೆನ್ ಕೀ. ಒಂದನ್ನು ಮುಟ್ಟಿದರೆ ಇನ್ನೊಂದು ಮಿಸುಕುವ ವಾದ್ಯ ಇದು.

ಮುಳ್ಳೆದ್ದ ಮೆಟ್ಟುಗಳ ತುದಿ ಹಾಗೇ ಇತ್ತು. ತೇರದಾಳ, ಹಾರೂಗೇರಿ ಮೇಲೆ ಕುಡಚಿಗೆ ಹೋಗಿ ರೈಲು ಹತ್ತಿದರೆ ಮಿರಜ. ಅಲ್ಲಿ ಸಿತಾರ, ತಂಬೂರಿ ಮಾಡುವವರದೇ ಗಲ್ಲಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧ ಮಸೆಯುತ್ತಿದ್ದ ಶಿಕಲಗಾರರು ಆ ಕಸುಬು ಇಳಿಮುಖವಾದಾಗ ವಾದ್ಯಕ್ಕೆ ಕೈಹಾಕಿದರು. ಫರೀದಸಾಹೇಬ ಶಿಕಲಗಾರರ ಹೆಸರನ್ನು ಆ ಪರಂಪರೆಯ ಮೊದಲಿಗೆ ಹೇಳುತ್ತಾರೆ. ಪಂಢರಪುರದ ಸುತ್ತಿನ ಕುಂಬಳ ಬುರುಡೆ ತಂದು ಒಣಗಿಸಿ ತಂಬೂರಿ ಕಟ್ಟುತ್ತಾರೆ. 2024ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲೊಬ್ಬ ಹಿರಿಯ ಕುಶಲಿಗರ ಮುಂದೆ ಗಿಟಾರ್ ಇಟ್ಟೆ. ಮರಾಠಿ ಬೆರೆತ ಕನ್ನಡದಲ್ಲಿ ಮಾತು. ಸಣ್ಣ ಅರ ಹಿಡಿದು 22 ಮೆಟ್ಟುಗಳ 44 ತುದಿಗಳನ್ನು ಒಂದೊಂದಾಗಿ ಮೂರು ಏಟಿಗೆ ಉರುಟು ಮಾಡಿದರು. ನಡುವೆ ಒಮ್ಮೆ ಕೂಡ ಬೀಟೆಯ ಮೇಲೆ ಗೀರು ಬೀಳಲಿಲ್ಲ.

ಆಮೇಲೆ ದಪ್ಪ ತಂತಿ ಮೀಟಿ ತಲೆ ಓರೆ ಮಾಡಿದರು. ತಂತಿ ಎಲ್ಲೋ ತಾಗಿ ಝುಂಯ್ ಎನ್ನುತ್ತಿತ್ತು. "ಈ ಜವಾರಿ ತೆಗೀಬೇಕೋ, ಇಡಬೇಕೋ?" ಎಂದು ಕೇಳಿದರು.

ನಮ್ಮ ಕಡೆ ಜವಾರಿ ಅಂದರೆ ಈ ಮಣ್ಣಿನದು: ಜವಾರಿ ಬದನಿಕಾಯಿ, ಜವಾರಿ ಕೋಳಿ, ಜವಾರಿ ಹತ್ತಿ. ತಂಬೂರಿಯವರ ಬಾಯಲ್ಲಿ ಅದಕ್ಕೆ ಬೇರೆಯೇ ಅರ್ಥ. ತಂತಿ ಕೂರುವ ಕುದುರೆಯನ್ನು ಅವರು ಚಪ್ಪಟೆ ಬಿಡುವುದಿಲ್ಲ, ಕಣ್ಣಿಗೆ ಕಾಣದಷ್ಟು ಇಳಿಜಾರು ಮಾಡಿ ಅರದಿಂದ ತೀಡುತ್ತಾರೆ. ಅದುರುವ ತಂತಿ ಆ ಇಳಿಜಾರನ್ನು ಸವರಿಕೊಂಡು ಏಳುವಾಗ ಒಳಗಿನ ಉಪಸ್ವರಗಳೆಲ್ಲ ತೆರೆದುಕೊಂಡು ದನಿಗೆ ಝೇಂಕಾರ ಬರುತ್ತದೆ. ಜೀವ ತುಂಬುವುದು ಎಂಬುದೇ ಆ ಮಾತಿನ ಬೇರು ಎನ್ನುತ್ತಾರೆ. ತಂತಿ ಕಟ್ಟಿಗೆಗೋ ಮೆಟ್ಟಿಗೋ ತಾಗಿ ಝುಂಯ್ ಎಂದರೆ ಗಿಟಾರಿನಲ್ಲಿ ಅದು ದೋಷ, ಸೆಟ್ಟಿಂಗ್ ಕೆಟ್ಟಿದೆ ಎಂದರ್ಥ. ಅದೇ ತಾಗುವಿಕೆಯನ್ನು ತಂಬೂರಿಯವರು ದಿನಗಟ್ಟಲೆ ಕೂತು ಮಾಡುತ್ತಾರೆ. ಅಮೆರಿಕದವರೂ ಅದಕ್ಕೆ ಮನಸೋತು 1967ರಲ್ಲಿ ಕೋರಲ್ ಎಂಬ ಹೆಸರಿನಲ್ಲಿ ಎಲೆಕ್ಟ್ರಿಕ್ ಸಿತಾರ ತಯಾರಿಸಿದರು, ಝೇಂಕರಿಸುವ ಕುದುರೆಯ ಗಿಟಾರ್ ಅದು.

ಐದು ತಂತಿಯದು ತೆಗೆಯಿರಿ, ದಪ್ಪ ಸಾ ತಂತಿಯದು ಇರಲಿ ಎಂದೆ. ಅವರು ಗಿಟಾರಿನ ಮೇಲ್ತುದಿಯ ಪ್ಲಾಸ್ಟಿಕ್ ತುಂಡು ಕಿತ್ತು ಸಿತಾರಕ್ಕೆ ಬಳಸುವ ಮೂಳೆಯ ತುಂಡನ್ನು ಕತ್ತರಿಸಿ ಕೂಡಿಸಿದರು. ಐದು ಗೀರು ನೇರ. ಆರನೆಯದಕ್ಕೆ ಮಾತ್ರ ಇಳಿಜಾರು. ತೀಡುವುದು, ತಂತಿ ಎಳೆಯುವುದು, ಮೀಟುವುದು, ಮತ್ತೆ ಸಡಿಲಿಸಿ ತೀಡುವುದು, ಒಂದೂವರೆ ಗಂಟೆ ಅದೊಂದೇ ಗೀರಿಗೆ. ಬೆರಳೂರಿ ನುಡಿಸಿದರೆ ದನಿ ಸ್ವಚ್ಛ. ಸುಮ್ಮನೆ ಬಿಟ್ಟು ಮೀಟಿದರೆ ತಂಬೂರಿ. ಸಂಜೆ ಮನೆಗೆ ಬಂದು ಆಂಪ್ಲಿಫೈಯರಿಗೆ ಚುಚ್ಚಿ ಆ ತಂತಿ ಮೀಟಿದಾಗ ನನ್ನ ಕಣ್ಣು ತುಂಬಿತು. ಅಂದಿನಿಂದ ಅದು ನಮ್ಮ ಮನೆಯ ವಾದ್ಯ.

ಹೊರಗಿನ ವಾದ್ಯವನ್ನು ಹೀಗೆ ಪಳಗಿಸಿದವರಲ್ಲಿ ನಾನು ದೊಡ್ಡವರೆಂದು ನೆನೆಯುವುದು ಕದ್ರಿ ಗೋಪಾಲನಾಥರನ್ನು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಗಮಕಕ್ಕೆ ಒಗ್ಗದ ಆ ಹಿತ್ತಾಳೆಯ ಕೊಳವೆಯ ಕೀಲಿಗಳನ್ನೇ ಬದಲಿಸಿ, ವರ್ಷಗಟ್ಟಲೆ ದುಡಿದು ಕರ್ನಾಟಕ ಸಂಗೀತವನ್ನು ಅದರಲ್ಲಿ ಕೂಡಿಸಿದರು. 2019ರಲ್ಲಿ ತೀರಿಕೊಂಡರು. ಮ್ಯಾಂಡೊಲಿನ್ ಶ್ರೀನಿವಾಸ್ ಎಂಟು ತಂತಿಯ ವಾದ್ಯವನ್ನು ಐದು ತಂತಿಗೆ ಇಳಿಸಿ ಎಲೆಕ್ಟ್ರಿಕ್ ಮಾಡಿಕೊಂಡರು. ವೀಣೆ ಕಲಿತ ಜಾನ್ ಮೆಕ್‌ಲಾಫ್ಲಿನ್ ಮೆಟ್ಟುಗಳ ನಡುವಿನ ಕಟ್ಟಿಗೆಯನ್ನು ತೋಡಿಸಿ ತಂತಿ ಎಳೆಯಲು ಜಾಗ ಮಾಡಿಕೊಂಡರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಮೆಟ್ಟುಗಳ ಗೊಡವೆಯೇ ಬೇಡವೆಂದು ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರಿಸಿ ಹಿಂದೂಸ್ತಾನಿ ನುಡಿಸುತ್ತಾರೆ. ವಾದ್ಯ ಬಂದಂತೆಯೇ ಇರಲಿ ಎಂದು ಇವರಲ್ಲಿ ಯಾರೂ ಸುಮ್ಮನೆ ಕೂರಲಿಲ್ಲ.

ಎಲೆಕ್ಟ್ರಿಕ್ ತಂತಿವಾದ್ಯ ನಮ್ಮ ಭಾಗಕ್ಕೆ ಹೊಸತು ಎನ್ನುವುದೂ ತಪ್ಪು. ಗಡಿಯ ಎರಡೂ ಕಡೆ ಮದುವೆ ಮೆರವಣಿಗೆಯಲ್ಲಿ ಗಾಡಿಯ ಮೇಲೆ ಸ್ಪೀಕರ್ ಹೇರಿ ಬರುವ ಬೆಂಜೊ ಪಾರ್ಟಿಯನ್ನು ಕಾಣದವರುಂಟೆ? ಟೈಪ್‌ರೈಟರಿನಂಥ ಗುಂಡಿಗಳ ಆ ಬೆಂಜೊ 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೋಗೊತೊ ಎಂಬ ವಾದ್ಯದ ಸಂತಾನ. ಯಾರೋ ಅದಕ್ಕೆ ಪಿಕಪ್ ಹಚ್ಚಿ ಜವಾರಿ ಮಾಡಿದರು. ಅವರ ಹೆಸರು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ನನಗೆ ಅವರ ಮೇಲೆ ಬಹಳ ಗೌರವ.

ಶ್ರಾವಣದ ಮೊದಲ ಸೋಮವಾರ ಭಜನಿಗೆ ಗಿಟಾರ್ ಒಯ್ದೆ. ಗುಡಿಯ ಸಾಕೆಟ್ಟಿಗೆ ಅರ್ಥ್ ಇದೆಯೋ ಇಲ್ಲವೋ ಪರೀಕ್ಷಿಸಿದ ಮೇಲೆಯೇ ಚುಚ್ಚಿದ್ದು. ಆಂಪ್ಲಿಫೈಯರಿನ ದನಿಯನ್ನು ತಾಳದ ಸದ್ದಿಗಿಂತ ಕೆಳಗಿಟ್ಟೆ. ಸಾ ತಂತಿ ಮೀಟುತ್ತ, ವಚನದ ಸಾಲು ಸಾಲಿನ ಹಿಂದೆ ಮೆಲ್ಲಗೆ ಎಳೆಯುತ್ತ ಹೋದೆ. ಮೂರನೆಯ ವಚನದ ನಡುವೆ ಕರೆಂಟು ಹೋಯಿತು. ಗಿಟಾರಿನ ದನಿ ಪಿಸುಮಾತಿಗೆ ಇಳಿದರೂ ನಾನು ನಿಲ್ಲಿಸಲಿಲ್ಲ, ಹಾಡುವವರೂ ನಿಲ್ಲಿಸಲಿಲ್ಲ. ಮುಗಿದ ಮೇಲೆ ಮೇಳದ ಹಿರಿಯರು ಹತ್ತಿರ ಬಂದು ದಪ್ಪ ತಂತಿಯನ್ನು ತಾವೇ ಒಮ್ಮೆ ಮೀಟಿ ಹೇಳಿದ್ದು ಇಷ್ಟು: "ಈ ಸಾ ಬಿಡಬ್ಯಾಡ. ಮುಂದಿನ ಸೋಮವಾರನೂ ತೊಗೊಂಡ ಬಾ."

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಆಸೆಪಟ್ಟು ಕೊಂಡ ಗಿಟಾರ್ ಗೋಡೆಗೆ ತೂಗಿಕೊಂಡಿದೆ. ಕೈ ನೋಯುತ್ತದೆ, ಅಪಸ್ವರ ಬರುತ್ತದೆ, ಗುಂಯ್‌ಗುಡುತ್ತದೆ ಎಂದು ಬಿಟ್ಟವು ಅವು. ತಪ್ಪು ಮಕ್ಕಳದಲ್ಲ, ವಾದ್ಯದ್ದೂ ಅಲ್ಲ. ಹೊಂದಿಸಿ ಕೊಡುವವರಿರಲಿಲ್ಲ. ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್, ಫಿಟ್ಟರ್ ಹುಡುಗರಲ್ಲಿ ಸಂಗೀತದ ಕಿವಿ ಇರುವ ಒಬ್ಬಿಬ್ಬರು ಮಿರಜಿಗೆ ಹೋಗಿ ಆರು ತಿಂಗಳು ಅರ ಹಿಡಿಯುವುದನ್ನು ಕಲಿತು ಬಂದರೆ ಈ ನಾಲ್ಕೂ ತಾಲ್ಲೂಕಿಗೆ ಸಾಕು. ಸುರುಳಿ ಸುತ್ತಲು ನಮ್ಮ ರಿವೈಂಡಿಂಗ್ ಅಂಗಡಿಗಳಿವೆ. ಅಲ್ಲಿಯ ತನಕ ಗೋಡೆಯ ಮೇಲಿನ ಗಿಟಾರನ್ನು ಇಳಿಸಿ, ಧೂಳು ಒರೆಸಿ, ತಂತಿ ಸಡಿಲಿಸದೆ ಶ್ರುತಿಗೆ ತಂದು ಪೆಟ್ಟಿಗೆಯಲ್ಲಿಡಿ, ಜೊತೆಗೊಂದು ಒದ್ದೆ ಸ್ಪಂಜು ಇರಲಿ. ಅದಕ್ಕೂ ಮೊದಲು ತಿಳಿದವರನ್ನು ಕರೆದು, ನಿಮ್ಮ ಮನೆಯ ಸಾಕೆಟ್ಟಿನ ಮೇಲಿನ ತೂತಿನ ಹಿಂದೆ ವಯರು ಇದೆಯೇ ಎಂದು ನೋಡಿಸಿ.